ಕೊಲ್ಲೂರಿನಲ್ಲಿ ಕ್ಯಾಮೆರಾ ಕಾಣದ ರೇಖೆ

ಪರದೆಯ ಮೇಲೆ ಈಗ ಹರಿಯುತ್ತಿರುವುದು ಸೌಪರ್ಣಿಕಾ ನದಿ. ಕೊಡಚಾದ್ರಿಯಲ್ಲಿ ಹುಟ್ಟಿ, ಕಾಡಿನ ನಡುವೆಯೇ ಇಳಿದು ಬರುವ ಈ ನದಿ ಮುಂದೆ ಮರವಂತೆಯಲ್ಲಿ ಕಡಲಿನ ತೀರ ಸಮೀಪಕ್ಕೆ ಹೋಗಿ, ಸೇರದೆ ಮತ್ತೆ ತಿರುಗಿ ಸಾಗುತ್ತದೆ. ಗರುಡನು ಇದರ ದಡದಲ್ಲಿ ತಪಸ್ಸು ಮಾಡಿದನೆಂಬುದು ಐತಿಹ್ಯ. ಅಂತಹ ನೀರಿನಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಹೋಗುವವರ ಭಕ್ತಿಯ ಬಗ್ಗೆ ನನಗೆ ಗೌರವವಿಲ್ಲ.

ಇದು ಮೂಕಾಂಬಿಕಾ ದೇವಸ್ಥಾನದ ಮುಂಭಾಗ. ಒಳಗೆ ಚಿತ್ರೀಕರಣಕ್ಕೆ ಅನುಮತಿಯಿಲ್ಲದ ಕಾರಣ, ಇನ್ನು ಸ್ವಲ್ಪ ಹೊತ್ತು ನಿಮಗೆ ರಥಬೀದಿ, ಹೂವಿನ ಅಂಗಡಿ ಮತ್ತು ನನ್ನ ಧ್ವನಿಯಷ್ಟೇ ದೊರೆಯುತ್ತದೆ. ಕ್ಯಾಮೆರಾದ ಚೀಲವನ್ನು ಹೊರಗಿನ ಅಂಗಡಿಯೊಂದರಲ್ಲಿ ಒಪ್ಪಿಸಿದಾಗ ಒಂದು ಕಾಗದದ ಚೀಟಿಯನ್ನು ಕೊಟ್ಟರು. ಇಲ್ಲಿ ಗಂಡಸರು ಅಂಗಿ, ಬನಿಯನ್ನು ಕಳಚಿ ಒಳಗೆ ಹೋಗಬೇಕು, ಪಂಚೆಗೆ ಕಿಸೆಯಿಲ್ಲ. ಚೀಟಿಯನ್ನು ಅಂಗೈಯಲ್ಲಿಯೇ ಹಿಡಿದುಕೊಂಡು ಸಾಲಿನಲ್ಲಿ ನಿಂತೆ, ಅದರೊಂದಿಗೇ ಕೈ ಮುಗಿದೆ, ಅದೇ ಕೈಯಿಂದ ತೀರ್ಥವನ್ನೂ ತೆಗೆದುಕೊಂಡೆ. ಹೊರಗೆ ಬರುವಷ್ಟರಲ್ಲಿ ಸಂಖ್ಯೆ ನೀಲಿ ಕಲೆಯಾಗಿತ್ತು. ಅಂಗಡಿಯವರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನನ್ನು ನೋಡಿದರು, ಬಳಿಕ ಚೀಲದ ಬಣ್ಣ ಯಾವುದು, ಒಳಗೆ ಏನೇನಿದೆ ಎಂದು ವಿಚಾರಣೆ ಆರಂಭಿಸಿದರು. ಬ್ಯಾಟರಿ, ಒದ್ದೆ ಟವೆಲು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಎಂದು ಹಿಂದಿನವರೆಲ್ಲ ಕೇಳುವಂತೆ ಒಪ್ಪಿಸಬೇಕಾಯಿತು. ಇಷ್ಟು ಜನ ಬರುವ ಊರಿನಲ್ಲಿ ಒಂದು ಲೋಹದ ಬಿಲ್ಲೆಯನ್ನು ಕೊಡಲು ಏನು ಕಷ್ಟ?

ದರ್ಶನದ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ಜನರ ಕಣ್ಣು ನೇರವಾಗಿ ಹೋಗುವುದು ಶಂಖಚಕ್ರಗಳನ್ನು ಧರಿಸಿ ಪದ್ಮಾಸನದಲ್ಲಿ ಕುಳಿತ ಪಂಚಲೋಹದ ದೇವಿಯ ಕಡೆಗೆ. ಅದನ್ನು ಪ್ರತಿಷ್ಠಾಪಿಸಿದವರು ಆದಿ ಶಂಕರರು ಎಂಬುದು ಇಲ್ಲಿಯ ನಂಬಿಕೆ. ಆದರೆ ಅದಕ್ಕಿಂತ ಹಳೆಯದೆಂದು ಪೂಜೆಗೊಳ್ಳುವುದು ಎದುರಿಗೆ ತಗ್ಗಿನಲ್ಲಿರುವ ಉದ್ಭವಲಿಂಗ. ಅದರ ಮೇಲೊಂದು ಸ್ವರ್ಣರೇಖೆಯಿದ್ದು, ಒಂದು ಪಾರ್ಶ್ವದಲ್ಲಿ ತ್ರಿಮೂರ್ತಿಗಳೂ ಇನ್ನೊಂದರಲ್ಲಿ ಕಾಳಿ, ಲಕ್ಷ್ಮಿ, ಸರಸ್ವತಿಯರೂ ನೆಲೆಸಿದ್ದಾರೆಂದು ಭಕ್ತರು ಹೇಳುತ್ತಾರೆ. ಅಲಂಕಾರವಿಲ್ಲದ ಅಭಿಷೇಕದ ಹೊತ್ತಿನಲ್ಲಿ ಮಾತ್ರ ಆ ರೇಖೆಯನ್ನು ನೋಡುವ ಅವಕಾಶವಿರುತ್ತದೆ. ಅಷ್ಟರಲ್ಲಿ ‘ಮುಂದೆ ಹೋಗಿ’ ಎಂಬ ಕೂಗು ಬರುತ್ತದೆ. ಆ ಒಂದು ಕ್ಷಣದಲ್ಲಿ ನನ್ನ ಮುಂದಿದ್ದವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರೆ ನನಗೆ ಲಿಂಗದ ಬದಲು ಮೊಬೈಲುಗಳ ದರ್ಶನವಾಗುತ್ತಿತ್ತು. ಆದ್ದರಿಂದ ಕ್ಯಾಮೆರಾ ನಿಷೇಧದ ಕುರಿತು ನನ್ನ ಸಿಟ್ಟನ್ನು ಹಿಂತೆಗೆದುಕೊಂಡಿದ್ದೇನೆ. ಚೀಟಿಯ ಬಗೆಗಿನ ಸಿಟ್ಟು ಹಾಗೆಯೇ ಇದೆ.

ಈ ದೃಶ್ಯದಲ್ಲಿ ಮಲಯಾಳದ ಫಲಕಗಳನ್ನು ಗಮನಿಸಿ. ಹಿಂತಿರುಗಿ ನೋಡಬಾರದೆಂಬ ಷರತ್ತಿನೊಂದಿಗೆ ಶಂಕರರ ಹಿಂದೆ ಕೇರಳದತ್ತ ಹೊರಟ ದೇವಿಯ ಗೆಜ್ಜೆಯ ಸದ್ದು ಇಲ್ಲಿ ನಿಂತಿತು, ಅವರು ತಿರುಗಿ ನೋಡಿದರು, ಆಕೆ ಇಲ್ಲಿಯೇ ಉಳಿದಳು ಎಂಬ ಕಥೆಯಿದೆ. ಅಲ್ಲಿಗೆ ಬರದ ದೇವಿಯನ್ನು ಕಾಣಲು ಕೇರಳದವರೇ ಇಲ್ಲಿಗೆ ಬರುತ್ತಾರೆ. ವಿಜಯದಶಮಿಯಂದು ಮಕ್ಕಳು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯುವಾಗ ಎಲ್ಲೆಡೆ ಮಲಯಾಳವೇ ಕೇಳಿಸುತ್ತದೆ. ಗಾಯಕ ಯೇಸುದಾಸ್ ಅವರು ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ವರ್ಷಗಳ ಕಾಲ ಇಲ್ಲಿಗೆ ಬಂದು ಹಾಡಿದ್ದಾರೆ.

ರಾತ್ರಿ ಪೂಜೆಯ ಬಳಿಕ ಕೊಡುವ ಕಷಾಯವನ್ನು ಮಾತ್ರ ತಪ್ಪಿಸಬೇಡಿ. ಅಸ್ವಸ್ಥರಾಗಿದ್ದ ಶಂಕರರಿಗೆ ದೇವಿಯೇ ಕಾಯಿಸಿ ಕೊಟ್ಟಳೆಂಬ ಪ್ರತೀತಿ ಅದಕ್ಕಿದೆ. ಮಳೆಗಾಲದಲ್ಲಿ ಬರಿಮೈಯಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತವರಿಗೆ ಆ ಖಾರದ ಬೆಲೆ ತಿಳಿಯುತ್ತದೆ.

ಬಸ್ಸು ಹೊರಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ರೈಲಿನಲ್ಲಿ ಬರುವವರು ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಇಳಿಯಬೇಕು. ಹೆಸರು ನೋಡಿ ದೇವಸ್ಥಾನ ಪಕ್ಕದಲ್ಲಿದೆ ಎಂದುಕೊಳ್ಳಬೇಡಿ, ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕಾಗುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುವವರು ಜೀಪಿನ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.