ಉಬ್ಬಿದ ಗೆರೆ, ತಗ್ಗಿದ ಗೆರೆ

ರಾಯಚೂರು ಸೀಮೆಯ ಕೇಳುಗರಿಗೆ ನಮಸ್ಕಾರ. ಈಚೆಗೆ ನಾನು ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಒಂದು ನಾಣ್ಯ ಬರುತ್ತದೆ. "ಸರ, ಇದರಾಗ ಮಿಸ್ಟೇಕ್ ಐತಿ. ಲಕ್ಷ ರೊಕ್ಕ ಬರ್ತೈತಂತ ಮೊಬೈಲ್‌ನಾಗ ತೋರಿಸ್ಯಾರ." ನೋಡಿದರೆ ಬಹುಪಾಲು ಪೆಟ್ಟು ತಿಂದ ನಾಣ್ಯವೇ.

ಇವತ್ತು ಒಂದೇ ಮಾತು ಹೇಳುತ್ತೇನೆ. ಗೆರೆ ಉಬ್ಬಿದ್ದರೆ ಟಂಕಸಾಲೆಯದು, ತಗ್ಗಿದ್ದರೆ ನಮ್ಮದು. ಅಂದರೆ ಉಬ್ಬು ಗೆರೆ ನಾಣ್ಯ ಅಚ್ಚಾಗುವಾಗಲೇ ಆದ ತಪ್ಪು, ತಗ್ಗು ಗೆರೆ ಹೆಚ್ಚಾಗಿ ಆಮೇಲೆ ನಮ್ಮ ಕೈಯಲ್ಲಿ ತಿಂದ ಪೆಟ್ಟು.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಒತ್ತುತ್ತಾರೆ. ಒತ್ತಿ ಒತ್ತಿ ಅಚ್ಚು ದಣಿದು ಸೀಳು ಬಿಡುತ್ತದೆ. ಮುಂದಿನ ಬಿಲ್ಲೆಯ ಲೋಹ ಆ ಸೀಳಿಗೆ ನುಗ್ಗಿ, ನಾಣ್ಯದ ಮೇಲೆ ಉಬ್ಬು ಗೆರೆ ಏಳುತ್ತದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ತಾಯಂದಿರಿಗೆ ಇದು ಗೊತ್ತು: ಕಟ್ಟಿಗೆ ಅಚ್ಚು ಬಿರಿದಿದ್ದರೆ ಗೊಂಬೆ ಮೇಲೆ ಗೆರೆ ಎದ್ದೇ ಬರುತ್ತದೆ.

ಸಿಂಧನೂರು ಕಡೆಯ ಒಬ್ಬ ರೈತರು ಬೆಳಗಿನ ಬಸ್ಸಿಗೇ ಬಂದಿದ್ದರು. ಕುಂಕುಮದ ಡಬ್ಬಿ, ಅದರೊಳಗೆ ಹತ್ತಿ, ಹತ್ತಿಯೊಳಗೆ 2000ನೇ ಇಸವಿಯ ಒಂದು ರೂಪಾಯಿ. ಇಸವಿಯ ಕೆಳಗೆ ನಕ್ಷತ್ರ, ಅಂದರೆ ಹೈದರಾಬಾದಿನ ಟಂಕಸಾಲೆ. ಹಿಂದೆ ತಿರುವಿದರೆ ಸಿಂಹದ ಮುಖದ ಮೇಲೆ ಓರೆಯಾಗಿ ಒಂದು ಗೆರೆ. "ಮಗಳ ಮದುವಿ ಖರ್ಚು ಇದರಾಗ ಹೊಂಟೋಗತೈತಿ ಅಂದಾರ್ರಿ" ಎಂದರು. ನನಗೆ ಆ ವಿಡಿಯೋ ಮಾಡಿದವನ ಮೇಲೆ ಸಿಟ್ಟು ಬಂತು. ಭೂತಗನ್ನಡಿ ಹಿಡಿದೆ. ಗೆರೆ ತಗ್ಗಾಗಿತ್ತು. ಅದರ ಎರಡೂ ದಂಡೆಗೆ ಲೋಹ ಎದ್ದು ನಿಂತಿತ್ತು. ಕನ್ನಡಿ ಅವರ ಕೈಗೇ ಕೊಟ್ಟೆ. "ಯಜಮಾನ್ರ, ಇದು ಏನು ಕಂಡಂಗ ಕಾಣತೈತಿ?" ಬಹಳ ಹೊತ್ತು ನೋಡಿದರು. "ನೇಗಿಲ ಹೊಡೆದ ಸಾಲು ಕಂಡಂಗ" ಎಂದರು. ಇಷ್ಟು ಚೆಂದಾಗಿ ನಾನೂ ಎಂದೂ ಹೇಳಿರಲಿಲ್ಲ. ಆಮೇಲೆ ಅವರೇ ನೆನಪು ಮಾಡಿಕೊಂಡರು: ನಾಣ್ಯ ಫರಸಿ ಸಂದಿಗೆ ಬಿದ್ದಿತ್ತಂತೆ, ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದಿದ್ದರಂತೆ!

ಮತ್ತೆ ಹೇಳುತ್ತೇನೆ, ಉಬ್ಬಿದ್ದರೆ ಟಂಕಸಾಲೆಯದು, ತಗ್ಗಿದ್ದರೆ ನಮ್ಮದು. ಕಣ್ಣು ಸಾಲದಿದ್ದರೆ ಉಗುರು ಆಡಿಸಿ. ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಎಷ್ಟು ಸಲ ಹೇಳುವುದು!

ಹೊತ್ತು ಕಡಿಮೆಯಿದೆ, ಅಂಚು ಕಚ್ಚಿದ ನಾಣ್ಯದ ಬಗ್ಗೆ ಬೇಗ ಹೇಳುತ್ತೇನೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆಯೇ ಮತ್ತೆ ಕತ್ತರಿ ಬಿದ್ದರೆ ಚಂದ್ರನ ಆಕಾರದ ಕಚ್ಚು ಬರುತ್ತದೆ. ಆಗ ಹೆಚ್ಚಾಗಿ ಕಚ್ಚಿಗೆ ಸರಿ ಎದುರಿನ ಅಂಚು ಸರಿಯಾಗಿ ಎದ್ದಿರದೆ ಮಂಕಾಗಿರುತ್ತದೆ. ಎದುರಿನ ಅಂಚು ಗಟ್ಟಿಮುಟ್ಟಾಗಿದೆಯೇ? ಯಾರೋ ಕಾನಸು ಹಾಕಿ ಉಜ್ಜಿರಬಹುದು. ರೈಲು ಹಳಿ ಮೇಲಿಟ್ಟು ಅಗಲ ಮಾಡಿದ್ದನ್ನಂತೂ ತರಲೇಬೇಡಿ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಗುವ 1943ರಿಂದ 47ರವರೆಗಿನ ತೂತಿನ ಕಾಸು? ಅದಕ್ಕೆ ತೂತು ಇಟ್ಟದ್ದೇ ಸರಕಾರ, ತಪ್ಪೂ ಅಲ್ಲ, ಪೆಟ್ಟೂ ಅಲ್ಲ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಆ ರೈತರು ಹೋಗುವಾಗ ಡಬ್ಬಿಯನ್ನೂ ಹತ್ತಿಯನ್ನೂ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. ರೂಪಾಯಿ ಅಂಗಿ ಕಿಸೆಗೆ ಹೋಯಿತು, ಬಸ್ಸಿನ ಚಿಲ್ಲರೆ ಜೊತೆ. ನಮಸ್ಕಾರ.