ನ್ಯೂಯಾರ್ಕ್ ಒಂಬತ್ತು ಸಲ ಗೆದ್ದ ಗ್ರೇಟೆ ವೈಟ್ಸ್

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ನಾರ್ವೆ ದೇಶದ ಒಬ್ಬ ಟೀಚರ್ ಬಗ್ಗೆ. ಹೆಸರು ಗ್ರೇಟೆ ವೈಟ್ಸ್. ಮ್ಯಾರಥಾನ್ ಓಟದಲ್ಲಿ ಇವರಷ್ಟು ಗೆದ್ದವರು ಕಡಿಮೆ. ಆದರೆ ಗೆಲುವಿನ ಲೆಕ್ಕಕ್ಕಿಂತ ನನಗೆ ಬೇರೆ ಒಂದು ವಿಷಯ ಮುಖ್ಯ ಅನಿಸುತ್ತದೆ. ಗ್ರೇಟೆ ಚೆನ್ನಾಗಿ ಓಡಬಲ್ಲ ದೂರವನ್ನು ಒಲಿಂಪಿಕ್ಸ್‌ನಲ್ಲಿ ಓಡೋಕೆ ಹೆಂಗಸರಿಗೆ ಅವಕಾಶವೇ ಇರಲಿಲ್ಲ. ಅವಕಾಶ ಬರುವ ಹೊತ್ತಿಗೆ ಅವರು ಮೂವತ್ತು ದಾಟಿದ್ದರು.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಓಟ ಮುಗಿದ ಮೇಲೆ ಕೆಲವರು ಸುಸ್ತಾಗಿ ಕೂತರು, ಮಲಗಿದರು. ಅಷ್ಟೂ ದಮ್ಮು ಕಟ್ಟಿ ಓಡಿದವರು ಇನ್ನೇನು ಮಾಡುತ್ತಾರೆ? ಗಂಡಸರೂ ಹಾಗೇ ಮಲಗುತ್ತಾರೆ. ಆದರೆ ಪತ್ರಿಕೆಗಳು ದೊಡ್ಡ ಗಲಾಟೆ ಮಾಡಿದವು. ಹೆಣ್ಣಿನ ದೇಹಕ್ಕೆ ಇದು ಆಗಿ ಬರುವುದಿಲ್ಲ ಅಂತ ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟರು. ಆ ಓಟ ಒಲಿಂಪಿಕ್ಸ್‌ಗೆ ವಾಪಸ್ ಬಂದದ್ದು 1960ರಲ್ಲಿ. ಮೂವತ್ತೆರಡು ವರ್ಷ! ಎಷ್ಟು ಹುಡುಗಿಯರ ಕಾಲಿನ ಶಕ್ತಿ ಸುಮ್ನೆ ಹಾಳಾಯಿತೋ.

ಗ್ರೇಟೆ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು, ಓಸ್ಲೋದಲ್ಲಿ. ಇಬ್ಬರು ಅಣ್ಣಂದಿರ ಜೊತೆ ಬೆಳೆದ ಹುಡುಗಿ. ಪಕ್ಕದ ಮನೆಯಲ್ಲಿದ್ದವರು ಟೆರ್ಯೆ ಪೆಡರ್ಸನ್, ಜಾವೆಲಿನ್ ಎಸೆತದಲ್ಲಿ 90 ಮೀಟರ್ ದಾಟಿದ ಮೊದಲ ಮನುಷ್ಯ. ಈ ಹುಡುಗಿಯನ್ನು ವಿದಾರ್ ಅನ್ನುವ ಕ್ರೀಡಾ ಕ್ಲಬ್ಬಿಗೆ ಕರೆದುಕೊಂಡು ಹೋದವರು ಅವರೇ. ಅಲ್ಲಿ ಗೊತ್ತಾಯಿತು: ದೂರ ಜಾಸ್ತಿ ಆದಷ್ಟೂ ಈ ಹುಡುಗಿ ಮುಂದೆ ಇರುತ್ತಾಳೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು ಹದಿನೆಂಟು. ಅವತ್ತು ಹೆಂಗಸರಿಗೆ ಇದ್ದ ಅತಿ ಉದ್ದದ ಓಟ 1500 ಮೀಟರ್. ಅದಕ್ಕೂ ಅದೇ ವರ್ಷ ಮೊದಲ ಸಲ ಅವಕಾಶ ಸಿಕ್ಕಿತ್ತು. 1975ರಲ್ಲಿ ಗ್ರೇಟೆ 3000 ಮೀಟರ್ ಓಟವನ್ನು 8 ನಿಮಿಷ 46.6 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್. ಆದರೆ ಅಲ್ಲಿ ಹೆಂಗಸರಿಗೆ 3000 ಮೀಟರ್ ಓಟವೇ ಇಲ್ಲ! ವಿಶ್ವದಾಖಲೆ ಕೈಯಲ್ಲಿಟ್ಟುಕೊಂಡು ಮತ್ತೆ 1500 ಮೀಟರ್ ಓಡಬೇಕಾಯಿತು. ಸೆಮಿಫೈನಲ್‌ನಲ್ಲೇ ಹೊರಬಿದ್ದರು.

ಇಷ್ಟರ ನಡುವೆ ಸ್ಕೂಲ್ ಕೆಲಸ. ಬೆಳಿಗ್ಗೆ ಎದ್ದು ಓಡಿ, ಮಕ್ಕಳಿಗೆ ಪಾಠ ಮಾಡಿ, ಸಂಜೆ ಮತ್ತೆ ಓಡಬೇಕು. ಓಸ್ಲೋದಲ್ಲಿ ಡಿಸೆಂಬರ್ ತಿಂಗಳಲ್ಲಿ ಸೂರ್ಯ ಮೂಡುವುದೇ ಒಂಬತ್ತು ಗಂಟೆ ಮೇಲೆ. ಮಧ್ಯಾಹ್ನ ಮೂರೂವರೆಯೊಳಗೆ ಮುಳುಗಿಯೂ ಆಗಿರುತ್ತದೆ. ಅಂದರೆ ಎರಡು ಹೊತ್ತೂ ಕತ್ತಲಲ್ಲೇ, ಹಿಮದ ಮೇಲೆ ಓಟ. ಹೀಗೆ ವರ್ಷಗಟ್ಟಲೆ.

1978ರ ಹೊತ್ತಿಗೆ ಗ್ರೇಟೆಗೆ ಸಾಕಾಗಿತ್ತು. ಓಟ ಬಿಟ್ಟು ಪಾಠ ಮಾಡಿಕೊಂಡು ಇರೋಣ ಅನ್ನುವ ಯೋಚನೆ ಬಂದಿತ್ತು. ಆಗ ಗಂಡ ಜ್ಯಾಕ್ ವೈಟ್ಸ್ ಒಂದು ಮಾತು ತೆಗೆದರು: ನ್ಯೂಯಾರ್ಕ್ ಮ್ಯಾರಥಾನ್‌ಗೆ ಹೋಗಿ ಬರೋಣ. ಓಟ ಒಂದು ನೆಪ, ಇಬ್ಬರೂ ಅಮೆರಿಕ ನೋಡಿ ಬಂದ ಹಾಗಾಗುತ್ತದೆ. ಆ ಮ್ಯಾರಥಾನ್ ನಡೆಸುತ್ತಿದ್ದವರು ಫ್ರೆಡ್ ಲೆಬೋ. ಈ ಹೆಣ್ಣುಮಗಳು ಮ್ಯಾರಥಾನ್ ಓಡೇ ಇಲ್ಲ, ಆದರೆ ವೇಗ ಇದೆ, ಶುರುವಿನಲ್ಲಿ ಉಳಿದವರನ್ನು ಎಳೆದುಕೊಂಡು ಹೋಗಲಿ ಅಂತ ಕರೆಸಿಕೊಂಡರು. ಗೆಲ್ಲಬಹುದು ಅಂತ ಯಾರಿಗೂ ಅನಿಸಿರಲಿಲ್ಲ. ತಡವಾಗಿ ಸೇರಿದ್ದಕ್ಕೆ ಎದೆಯ ಮೇಲಿನ ನಂಬರ್ 1173.

ಅಲ್ಲಿಯವರೆಗೆ ಒಂದೇ ಸಲಕ್ಕೆ ಅವರು ಓಡಿದ್ದ ಅತಿ ಹೆಚ್ಚು ದೂರ ಸುಮಾರು 20 ಕಿಲೋಮೀಟರ್. ಮ್ಯಾರಥಾನ್ 42 ಕಿಲೋಮೀಟರ್ 195 ಮೀಟರ್. ಹಿಂದಿನ ರಾತ್ರಿ ಗಂಡ ಹೆಂಡತಿ ಒಳ್ಳೆ ಹೋಟೆಲಿಗೆ ಹೋಗಿ ಸಿಗಡಿ, ಮಾಂಸ, ವೈನ್, ಐಸ್‌ಕ್ರೀಂ ಎಲ್ಲ ಹೊಟ್ಟೆ ತುಂಬ ತಿಂದರು. ಮಾರನೆಯ ದಿನ, ಅಕ್ಟೋಬರ್ 22ರಂದು, ಸ್ಟೇಟನ್ ಐಲೆಂಡಿನಿಂದ ಓಟ ಶುರು.

ಮೊದಲ ಅರ್ಧ ಆರಾಮಾಗಿಯೇ ಹೋಯಿತು. ಟ್ರ್ಯಾಕಿನಲ್ಲಿ ಓಡುವವರಿಗೆ ಇದು ನಿಧಾನದ ಓಟ. ಆಮೇಲೆ ಕಷ್ಟ ಶುರುವಾಯಿತು. ದಾರಿಯಲ್ಲಿ ಹಾಕಿದ್ದ ಬೋರ್ಡುಗಳೆಲ್ಲ ಮೈಲಿ ಲೆಕ್ಕದಲ್ಲಿ. ಕಿಲೋಮೀಟರ್ ಲೆಕ್ಕದಲ್ಲಿ ಬೆಳೆದ ಗ್ರೇಟೆಗೆ ಇನ್ನೆಷ್ಟು ದೂರ ಅಂತಲೇ ಅಂದಾಜು ಸಿಗುತ್ತಿಲ್ಲ. ನೀರು ಸರಿಯಾಗಿ ಕುಡಿದಿಲ್ಲ. ತೊಡೆಯ ಸ್ನಾಯು ಹಿಡಿದುಕೊಂಡಿದೆ. ಓಟ ಮುಗಿಯುವುದು ಸೆಂಟ್ರಲ್ ಪಾರ್ಕಿನಲ್ಲಿ ಅನ್ನುವುದಷ್ಟೇ ಗೊತ್ತು. ಎಲ್ಲಾದರೂ ನಾಲ್ಕು ಮರ ಒಟ್ಟಿಗೆ ಕಂಡರೆ ಸಾಕು, ಇದೇ ಇರಬೇಕು ಅನಿಸುತ್ತಿತ್ತು. ಅಲ್ಲ. ಮತ್ತೊಂದು ಕಡೆ ಮರ. ಅದೂ ಅಲ್ಲ. ಈ ಓಟಕ್ಕೆ ಹಚ್ಚಿದ ಗಂಡನಿಗೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಶಾಪ ಹಾಕಿದರಂತೆ.

ಕೊನೆಗೂ ಗೆರೆ ದಾಟಿದಾಗ ಗಡಿಯಾರದಲ್ಲಿ 2 ಗಂಟೆ 32 ನಿಮಿಷ 30 ಸೆಕೆಂಡ್. ಹೆಂಗಸರಲ್ಲಿ ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಹಳೆಯ ದಾಖಲೆಗಿಂತ ಎರಡು ನಿಮಿಷಕ್ಕೂ ಜಾಸ್ತಿ ಕಡಿಮೆ. ಸುತ್ತ ಪತ್ರಕರ್ತರು ಮುತ್ತಿಕೊಂಡರು. 1173 ಯಾರು, ಎಲ್ಲಿಯವರು ಅಂತ ಎಲ್ಲರಿಗೂ ಗೊಂದಲ. ಗ್ರೇಟೆಗೆ ಅದ್ಯಾವುದೂ ಬೇಡ. ಜ್ಯಾಕ್ ಎಲ್ಲಿದ್ದಾರೆ ಅಂತ ಹುಡುಕಿ, ಕಾಲಿನ ಶೂ ಬಿಚ್ಚಿ ಅವರ ಕಡೆಗೆ ಎಸೆದರು. ಇಂಥ ಹುಚ್ಚು ಕೆಲಸ ಇನ್ನು ಯಾವತ್ತೂ ಮಾಡುವುದಿಲ್ಲ ಅಂದರು.

ಆದರೆ ಮಾಡಿದರು. ಮರುವರ್ಷ ಅದೇ ನ್ಯೂಯಾರ್ಕಿನಲ್ಲಿ 2 ಗಂಟೆ 27 ನಿಮಿಷ 33 ಸೆಕೆಂಡ್. ಎರಡೂವರೆ ಗಂಟೆಯೊಳಗೆ ಮ್ಯಾರಥಾನ್ ಓಡಿದ ಮೊದಲ ಹೆಣ್ಣು ಅಂತ ಅಧಿಕೃತ ದಾಖಲೆಗೆ ಹೆಸರು ಸೇರಿತು. 1980ರಲ್ಲಿ ಇನ್ನೂ ಸುಮಾರು ಎರಡು ನಿಮಿಷ ಕಡಿಮೆ. ಮೂರೇ ಮೂರು ಓಟದಲ್ಲಿ ವಿಶ್ವದಾಖಲೆಯಿಂದ ಒಂಬತ್ತು ನಿಮಿಷ ಕಿತ್ತು ತೆಗೆದರು. ಮ್ಯಾರಥಾನ್ ಹೆಂಗಸರಿಗೆ ಆಗಿ ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕಾ? ಹೋರಾಟ ಮಾಡಿದವರು ಬಹಳ ಜನ ಇದ್ದರು, ಅವರೆಲ್ಲರಿಗೂ ಇದರಲ್ಲಿ ಪಾಲಿದೆ. ಆದರೆ ಮೇಜಿನ ಮೇಲೆ ಇಟ್ಟು ತೋರಿಸೋಕೆ ಅಂಕಿಗಳನ್ನು ಕೊಟ್ಟವರಲ್ಲಿ ಗ್ರೇಟೆ ಮೊದಲಿಗರು. 1981ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿತು: 1984ರಿಂದ ಹೆಂಗಸರಿಗೂ ಮ್ಯಾರಥಾನ್.

ಎಲ್ಲ ಓಟವೂ ಗೆದ್ದರು ಅಂತಲ್ಲ. 1981ರ ನ್ಯೂಯಾರ್ಕಿನಲ್ಲಿ ಮೊಣಕಾಲ ಕೆಳಗಿನ ನೋವು ತಡೆಯಲಾರದೆ ಅರ್ಧಕ್ಕೇ ನಿಲ್ಲಿಸಿದರು. 1982ರ ಬಾಸ್ಟನ್‌ನಲ್ಲಿ ವಿಶ್ವದಾಖಲೆಯ ವೇಗದಲ್ಲಿ ಮುಂದಿದ್ದರು. ಇಳಿಜಾರಿನಲ್ಲಿ ಓಡಿ ಓಡಿ ತೊಡೆ ಕಲ್ಲಾಯಿತು, 23ನೇ ಮೈಲಿಯಲ್ಲಿ ಕಾಲು ಕೈಕೊಟ್ಟಿತು. 1983ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಗೆದ್ದು ವಿಶ್ವದಾಖಲೆ ಸರಿಗಟ್ಟಿದರು. ಮಾರನೆಯ ದಿನವೇ ಬಾಸ್ಟನ್‌ನಲ್ಲಿ ಅಮೆರಿಕದ ಜೋನ್ ಬೆನೊಯಿಟ್ ಅದನ್ನು ಎರಡೂಮುಕ್ಕಾಲು ನಿಮಿಷದಷ್ಟು ಮುರಿದರು! ಅದೇ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿ ಹೆಂಗಸರ ಮ್ಯಾರಥಾನ್ ಚಿನ್ನ ಗ್ರೇಟೆಗೆ. ಎರಡನೆಯವರು ಬಂದದ್ದು ಮೂರು ನಿಮಿಷ ಬಿಟ್ಟು.

ಇನ್ನು ಲಾಸ್ ಏಂಜಲಿಸ್. 1984ರ ಆಗಸ್ಟ್ ಅಂದರೆ ನಮ್ಮವರಿಗೆ ಪಿ.ಟಿ. ಉಷಾ ನೆನಪಾಗುತ್ತಾರೆ. ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಕಂಚು ತಪ್ಪಿದ ಆ ಓಟಕ್ಕೆ ಮೂರು ದಿನ ಮೊದಲು, ಆಗಸ್ಟ್ 5ರಂದು, ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಐದು ಕಿಲೋಮೀಟರ್ ಆಗುವಷ್ಟರಲ್ಲೇ ಜೋನ್ ಬೆನೊಯಿಟ್ ಗುಂಪು ಬಿಟ್ಟು ಮುಂದೆ ಹೋದರು. ಈ ಬಿಸಿಲಿನಲ್ಲಿ ಅವರು ಸೋತು ಹಿಂದೆ ಬೀಳುತ್ತಾರೆ ಅಂತ ಗ್ರೇಟೆ ಮತ್ತು ಉಳಿದವರು ಕಾದರು. ಬೆನೊಯಿಟ್ ಹಿಂದೆ ಬೀಳಲೇ ಇಲ್ಲ. ಗ್ರೇಟೆಗೆ ಬೆಳ್ಳಿ. ಪೋರ್ಚುಗಲ್‌ನ ರೋಸಾ ಮೋಟಾಗೆ ಕಂಚು.

ಆವತ್ತು ಇನ್ನೊಂದು ಘಟನೆ ನಡೆಯಿತು. ಸ್ವಿಟ್ಜರ್ಲೆಂಡಿನ ಗ್ಯಾಬ್ರಿಯೆಲಾ ಆಂಡರ್ಸನ್ ಶೀಸ್ ಬಿಸಿಲಿಗೆ ಬಸವಳಿದು ಸ್ಟೇಡಿಯಂ ಒಳಗೆ ಬಂದರು. ಮೈ ಒಂದು ಕಡೆ ವಾಲಿದೆ, ಕಾಲು ತೊಡರುತ್ತಿದೆ. ವೈದ್ಯರು ಹತ್ತಿರ ಬಂದರೆ ಕೈ ಬೀಸಿ ದೂರ ಕಳಿಸುತ್ತಾರೆ, ಯಾಕೆಂದರೆ ಮುಟ್ಟಿದರೆ ಓಟದಿಂದ ಹೊರಗೆ. ಕೊನೆಯ ಸುತ್ತಿಗೆ ಐದು ನಿಮಿಷಕ್ಕೂ ಜಾಸ್ತಿ ಹಿಡಿಯಿತು. 1928ರಲ್ಲಾಗಿದ್ದರೆ ಅಷ್ಟು ಸಾಕಾಗಿತ್ತು, ಮತ್ತೆ ಮೂವತ್ತು ವರ್ಷ ಬಾಗಿಲು ಮುಚ್ಚುತ್ತಿದ್ದರು. ಈ ಸಲ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ನಲ್ಲಿ ಉಳಿದುಕೊಂಡಿತು.

ನ್ಯೂಯಾರ್ಕಿನಲ್ಲಿ ಗ್ರೇಟೆ ಕೊನೆಯ ಸಲ ಗೆದ್ದದ್ದು 1988ರಲ್ಲಿ. ಅದು ಒಂಬತ್ತನೆಯ ಗೆಲುವು. ಅದಕ್ಕೆ ಮುಂಚೆ 1986ರಲ್ಲಿ ಲಂಡನ್‌ನಲ್ಲಿ 2 ಗಂಟೆ 24 ನಿಮಿಷ 54 ಸೆಕೆಂಡಿನಲ್ಲಿ ಓಡಿದ್ದು ಅವರ ಜೀವನದ ಅತಿ ವೇಗದ ಮ್ಯಾರಥಾನ್. ಹುಲ್ಲು, ಮಣ್ಣು, ಗುಡ್ಡದ ಮೇಲೆ ಓಡುವ ಕ್ರಾಸ್ ಕಂಟ್ರಿಯಲ್ಲಿ ಹೆಂಗಸರ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಐದು ಸಲ ಗೆದ್ದಿದ್ದರು.

ಆದರೆ 1992ರ ಓಟದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಷ್ಟು ವರ್ಷ ನ್ಯೂಯಾರ್ಕ್ ಮ್ಯಾರಥಾನ್ ನಡೆಸಿದ ಫ್ರೆಡ್ ಲೆಬೋ, ಊರಿನ ಐದೂ ಭಾಗಗಳನ್ನು ಹಾದುಹೋಗುವ ಆ ದಾರಿಯಲ್ಲಿ ತಾವೇ ಓಡಿರಲಿಲ್ಲ. ಅವರಿಗೆ ಮೆದುಳಿನ ಕ್ಯಾನ್ಸರ್ ಆಯಿತು. ಚಿಕಿತ್ಸೆ ಆದ ಮೇಲೆ, ಅರವತ್ತು ತುಂಬಿದ ವರ್ಷ, ಓಡಿಯೇ ತೀರುತ್ತೇನೆ ಅಂದರು. ಜೊತೆಗೆ ಗ್ರೇಟೆ ಹೊರಟರು. ಐದೂವರೆ ಗಂಟೆ! ಕಿಲೋಮೀಟರಿಗೆ ಮೂರೂವರೆ ನಿಮಿಷ ಓಡಿ ರೂಢಿಯಾದ ಕಾಲು ಎಂಟು ನಿಮಿಷದ ಹೆಜ್ಜೆಗೆ ಇಳಿಯುವುದು ಹೇಳಿದಷ್ಟು ಸುಲಭ ಅಲ್ಲ. ಅಷ್ಟು ಹೊತ್ತು ಕಾಲ ಮೇಲೆ ಇರುವುದೇ ಒಂದು ಶಿಕ್ಷೆ. ಇಬ್ಬರೂ ಅಳುತ್ತಾ, ಕೈ ಹಿಡಿದುಕೊಂಡು ಗೆರೆ ದಾಟಿದರು. ಲೆಬೋ ಬಗ್ಗಿ ನೆಲಕ್ಕೆ ಮುತ್ತಿಟ್ಟರು. ಎರಡು ವರ್ಷದ ನಂತರ ಅವರು ತೀರಿಕೊಂಡರು.

2005ರಲ್ಲಿ ಗ್ರೇಟೆಗೇ ಕ್ಯಾನ್ಸರ್ ಬಂತು. ಚಿಕಿತ್ಸೆಯ ನಡುವೆಯೂ ಅವರು ವ್ಯಾಯಾಮ ಬಿಡಲಿಲ್ಲ. ಅದರಿಂದ ತಮಗೆ ಸಿಕ್ಕ ಧೈರ್ಯ ಬೇರೆ ರೋಗಿಗಳಿಗೂ ಸಿಗಲಿ ಅಂತ 2007ರಲ್ಲಿ 'ಅಕ್ತಿವ್ ಮೂತ್ ಕ್ರೆಫ್ತ್' ಅನ್ನುವ ಸಂಸ್ಥೆ ಕಟ್ಟಿದರು. ಕ್ಯಾನ್ಸರ್ ಚಿಕಿತ್ಸೆ ನಡೆಯುವ ಆಸ್ಪತ್ರೆಗಳಲ್ಲೇ ವ್ಯಾಯಾಮದ ಕೋಣೆ ಮಾಡಿಸುವುದು ಅದರ ಕೆಲಸ. ಔಷಧಿ ತೆಗೆದುಕೊಳ್ಳಲು ಬಂದ ರೋಗಿ, ತನಗೆ ಆಗುವಷ್ಟು, ವ್ಯಾಯಾಮದ ಬಗ್ಗೆ ಗೊತ್ತಿದ್ದವರ ಸಹಾಯದಿಂದ ಅಲ್ಲಿ ನಡೆಯಬಹುದು, ಸೈಕಲ್ ತುಳಿಯಬಹುದು. 2011ರ ಏಪ್ರಿಲ್ 19ರಂದು ಗ್ರೇಟೆ ತೀರಿಕೊಂಡರು. ವಯಸ್ಸು 57. ಅವರು ಶುರುಮಾಡಿದ ಆ ಕೆಲಸ ಮುಂದುವರಿಯಿತು. ನಾರ್ವೆಯ ಒಂದೊಂದೇ ಆಸ್ಪತ್ರೆಯಲ್ಲಿ ಅಂಥ ಕೋಣೆಗಳು ತೆರೆಯುತ್ತಾ ಹೋದವು.

ನಮಸ್ಕಾರ.