"ಎಷ್ಟು ಜನ?" "ನಾಲ್ಕನೇ ಸಾಲು!"

ಎಲ್ಲರಿಗೂ ನಮಸ್ಕಾರ.

ರೋಲರ್ ಕೋಸ್ಟರ್ ಹತ್ತಿದವರಿಗೆ ಈ ಎರಡು ಮಾತು ಚೆನ್ನಾಗಿ ಗೊತ್ತಿರುತ್ತದೆ. ಒಂದೂವರೆ ಗಂಟೆ ಕ್ಯೂನಲ್ಲಿ ಕಾದು ಪ್ಲಾಟ್‌ಫಾರ್ಮ್ ಹತ್ತಿರ ಬರುತ್ತೀರಿ. ಅಲ್ಲಿ ಯೂನಿಫಾರ್ಮ್ ಹಾಕಿದ ಹುಡುಗನೊಬ್ಬ "ಎಷ್ಟು ಜನ?" ಅಂತ ಕೇಳುತ್ತಾನೆ. ಇಬ್ಬರು ಅಂತೀರಿ. "ನಾಲ್ಕನೇ ಸಾಲು" ಅನ್ನುತ್ತಾನೆ. ಅಷ್ಟೇ. ಅವನ ಕಣ್ಣು ಆಗಲೇ ನಿಮ್ಮ ಹಿಂದಿನವರ ಮೇಲೆ ಹೋಗಿರುತ್ತದೆ.

ಇನ್ನು ಕೆಲವು ಕಡೆ ಈ ಹುಡುಗನೇ ಇರುವುದಿಲ್ಲ. ಪ್ಲಾಟ್‌ಫಾರ್ಮ್ ಮೇಲೆ ಟ್ರೈನಿನ ಒಂದೊಂದು ಸಾಲಿಗೂ ಒಂದೊಂದು ಗೇಟು. ಬೇಕಾದ ಗೇಟಿನ ಮುಂದೆ ಹೋಗಿ ನಿಲ್ಲಬಹುದು. ಮುಂದಿನ ಸೀಟೇ ಬೇಕು ಅನ್ನುವವರು ಅಲ್ಲಿ ಇನ್ನೊಂದಷ್ಟು ಹೊತ್ತು ಕಾಯುತ್ತಾರೆ. ಎಲ್ಲಾದರೂ ಸರಿ ಅನ್ನುವವರು ಖಾಲಿ ಇರುವ ಗೇಟು ಹಿಡಿದು ಹೊರಟುಬಿಡುತ್ತಾರೆ.

ಈ ಎರಡರಲ್ಲಿ ಯಾವುದು ಸರಿ ಅನ್ನುವುದೇ ಇವತ್ತಿನ ಮಾತು. ಇದೆಂಥ ವಿಷಯ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಒಂದು ದಿನ ನನಗೆ ಐದನೇ ಸಾಲು ಕೊಟ್ಟರು. ಕೂತು, ಬಾರ್ ಎಳೆದುಕೊಂಡು, ಮುಂದೆ ನೋಡಿದರೆ ಮೊದಲ ಸಾಲಿನಲ್ಲಿ ಯಾರೂ ಇಲ್ಲ! ಯಾರದೋ ಲೆಕ್ಕ ತಪ್ಪಿತ್ತು. ಟ್ರೈನು ಹಾಗೇ ಹೊರಟಿತು. ಇಡೀ ದಾರಿ ನಾನು ಆಕಾಶ ನೋಡಲಿಲ್ಲ, ಆ ಖಾಲಿ ಸೀಟು ನೋಡಿದೆ. ಅವತ್ತು ಹಿಡಿದ ಹುಚ್ಚು ಇದು.

ಸಿನಿಮಾ ನೋಡುವಾಗ ಹಿಂದೆ ಕೂತರೂ ಮುಂದೆ ಕೂತರೂ ಕಥೆ ಅದೇ ಅಲ್ವಾ? ಕೋಸ್ಟರ್‌ನಲ್ಲಿ ಹಾಗಲ್ಲ. ಸೀಟು ಬದಲಾದರೆ ಸವಾರಿಯೇ ಬದಲಾಗುತ್ತದೆ. ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಉಳಿದ ಮಾತೆಲ್ಲ ಇದರ ಮೇಲೇ ನಿಂತಿದೆ.

ಟ್ರೈನಿನ ಬೋಗಿಗಳೆಲ್ಲ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಯಾವ ಕ್ಷಣದಲ್ಲಿ ನೋಡಿದರೂ ಎಲ್ಲರ ವೇಗವೂ ಒಂದೇ. ಆದರೆ ಆ ಕ್ಷಣದಲ್ಲಿ ಒಬ್ಬೊಬ್ಬರು ಹಳಿಯ ಒಂದೊಂದು ಜಾಗದಲ್ಲಿ ಇರುತ್ತಾರೆ. ಚೈನು ಟ್ರೈನನ್ನು ಎಳೆದುಕೊಂಡು ಮೇಲೆ ತಂದಿದೆ ಅಂದುಕೊಳ್ಳಿ. ಮೊದಲ ಸಾಲಿನವರು ತುದಿ ದಾಟಿ ಬಗ್ಗುತ್ತಾರೆ. ಆದರೆ ಟ್ರೈನಿನ ಭಾರ ಇನ್ನೂ ಹಿಂದುಗಡೆ, ಏರಿನ ಮೇಲೇ ಇದೆ. ಹಾಗಾಗಿ ಅವರು ಚೈನಿನ ವೇಗದಲ್ಲೇ ಮೆಲ್ಲಗೆ ತೆವಳುತ್ತಾರೆ. ಕೆಳಗಿನ ಆಳ ಪೂರ್ತಿ ಕಾಣುತ್ತದೆ, ಬೀಳುವುದು ಮಾತ್ರ ಇಲ್ಲ. ಹೊಟ್ಟೆಯಲ್ಲಿ ಚಿಟ್ಟೆ ಹಾರುವುದು ಈ ಎರಡು ಮೂರು ಸೆಕೆಂಡಿನಲ್ಲಿ.

ಈಗ ಕೊನೆಯ ಸಾಲಿಗೆ ಬನ್ನಿ. ಅವರು ತುದಿಗೆ ಬರುವ ಹೊತ್ತಿಗೆ ಟ್ರೈನು ಆಗಲೇ ಬೀಳಲು ಶುರು ಮಾಡಿರುತ್ತದೆ. ಟ್ರೈನಿನ ನಡುಭಾಗ ತುದಿಗಿಂತ 4 ಮೀಟರ್ ಕೆಳಗೆ ಇಳಿದಿದೆ ಅಂತಿಟ್ಟುಕೊಂಡು ಲೆಕ್ಕ ಹಾಕಿ, ವೇಗ ಗಂಟೆಗೆ 30 ಕಿ.ಮೀ. ದಾಟಿರುತ್ತದೆ. ಮುಂದಿನವರು ತೆವಳಿಕೊಂಡು ದಾಟಿದ ಅದೇ ತಿರುವನ್ನು ಹಿಂದಿನವರು ಈ ವೇಗದಲ್ಲಿ ದಾಟಬೇಕು. ಹಳಿ ಕೆಳಗೆ ಬಾಗುತ್ತದೆ, ಮೈ ಮಾತ್ರ ನೇರ ಹೋಗಲು ನೋಡುತ್ತದೆ. ತೊಡೆ ಸೀಟು ಬಿಟ್ಟು ಮೇಲೇಳುತ್ತದೆ. ಕೋಸ್ಟರ್ ಹುಚ್ಚಿನವರು ಏರ್‌ಟೈಮ್ ಅನ್ನುವುದು ಇದಕ್ಕೇ. ಮೊದಲ ಇಳಿತದಲ್ಲಿ ಯಾರೋ ಕಾಲು ಹಿಡಿದು ಎಳೆದ ಹಾಗೆ ಅನ್ನಿಸಬೇಕಾದರೆ ಕೊನೆಯ ಸಾಲೇ ಬೇಕು.

ನಡುವಿನ ಸಾಲು ಅಂದರೆ ಸಪ್ಪೆ ಅಂತ ಮೂಗು ಮುರಿಯುವವರು ಜಾಸ್ತಿ. ಪೂರ್ತಿ ನಿಜವಲ್ಲ. ಟ್ರೈನಿನ ನಡುಭಾಗ ತಗ್ಗಿನ ತಳದಲ್ಲಿ ಇದ್ದಾಗ ವೇಗ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ತಳದಲ್ಲಿ ಸೀಟಿಗೆ ಅದುಮುವ ಬಲ ನಡುವಿನವರಿಗೇ ಸ್ವಲ್ಪ ಹೆಚ್ಚು ಸಿಗುತ್ತದೆ. ಗುಡ್ಡದ ನೆತ್ತಿಯಲ್ಲಿ ಮಾತ್ರ ಅವರಿಗೆ ಮೋಸ. ನಡುಭಾಗ ನೆತ್ತಿಯಲ್ಲಿದ್ದಾಗ ಟ್ರೈನು ಎಲ್ಲಕ್ಕಿಂತ ನಿಧಾನ.

ಇದು ಹಿಂದೆ ಮುಂದಿನ ಮಾತಾಯಿತು. ಚಕ್ರದ ಮಾತು ಬೇರೆ ಇದೆ. ಮರದ ಕೋಸ್ಟರ್‌ಗಳಲ್ಲಿ ಅಚ್ಚಿನ ಮೇಲೆ ಕೂತವರಿಗೆ ಕುಲುಕಾಟ ಜಾಸ್ತಿ. ಎರಡು ಅಚ್ಚುಗಳ ನಡುವೆ ಸೀಟಿದ್ದರೆ ಸೊಂಟಕ್ಕೆ ಪುಣ್ಯ. ಹಳಿಯ ಎರಡೂ ಪಕ್ಕಕ್ಕೆ ರೆಕ್ಕೆಯ ಹಾಗೆ ಸೀಟು ಚಾಚಿರುವ ವಿಂಗ್ ಕೋಸ್ಟರ್‌ಗಳೂ ಇವೆ. ಅವು ಮಗುಚುವಾಗ ಹೊರಗಿನ ಸೀಟಿನವರು ದೊಡ್ಡ ಸುತ್ತು ಹಾಕುತ್ತಾರೆ, ಒಳಗಿನವರು ಚಿಕ್ಕದು. ಯೂನಿವರ್ಸಲ್ ಒರ್ಲಾಂಡೋದಲ್ಲಿ 2019ರಲ್ಲಿ ಶುರುವಾದ ಒಂದು ಕೋಸ್ಟರ್‌ನಲ್ಲಿ ಒಬ್ಬರು ಮೋಟಾರ್‌ಬೈಕ್ ಮೇಲೆ, ಇನ್ನೊಬ್ಬರು ಪಕ್ಕದ ಸೈಡ್‌ಕಾರ್‌ನಲ್ಲಿ. ಒಂದೇ ಸಾಲು, ಎರಡು ಬಗೆಯ ಕೂರುವಿಕೆ. ಗಂಡ ಹೆಂಡತಿ ಜಗಳಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಹಿಂದೆ ಈ ತಲೆನೋವೇ ಇರಲಿಲ್ಲ. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಸ್ವಿಚ್‌ಬ್ಯಾಕ್ ರೈಲು ಅನ್ನುವ ಹಳೆಯ ಕಾಲದ ಕೋಸ್ಟರ್ ಓಡಿಸಿದಾಗ ಜನ ಬೆಂಚಿನ ಮೇಲೆ ಪಕ್ಕಕ್ಕೆ ಮುಖ ಮಾಡಿ ಕೂರುತ್ತಿದ್ದರು. ವೇಗ ಗಂಟೆಗೆ ಸುಮಾರು 10 ಕಿ.ಮೀ. ಯಾವ ಸೀಟಾದರೂ ನೋಟ ಅದೇ. ಆಮೇಲೆ ಜಾನ್ ಮಿಲ್ಲರ್ ಅನ್ನುವವನು ಹಳಿಯ ಕೆಳಗಿನಿಂದಲೂ ಹಿಡಿದುಕೊಳ್ಳುವ ಚಕ್ರ ಜೋಡಿಸಿದ. ಟ್ರೈನು ಹಳಿ ಬಿಟ್ಟು ಹಾರುತ್ತದೆ ಅನ್ನುವ ಭಯ ಹೋಯಿತು. ಗುಡ್ಡಗಳು ಎತ್ತರವಾದವು, ಇಳಿತ ಕಡಿದಾಯಿತು. ಸೀಟಿನಿಂದ ಸೀಟಿಗೆ ವ್ಯತ್ಯಾಸ ಹುಟ್ಟಿದ್ದು ಅಲ್ಲಿಂದ ಅಂತ ನನ್ನ ಅನಿಸಿಕೆ.

ಸರಿ, ಸೀಟಿನ ಜೊತೆ ಸವಾರಿಯೂ ಬದಲಾಗುತ್ತದೆ ಅಂದಮೇಲೆ "ನಾಲ್ಕನೇ ಸಾಲು" ಅನ್ನುವ ಹುಡುಗ ನಿಮಗೆ ಯಾವ ಸವಾರಿ ಅಂತಲೇ ತೀರ್ಮಾನ ಮಾಡಿದಂತಾಯಿತು. ಅವನದು ತಪ್ಪಾ? ಅವನ ಕಡೆಯ ಲೆಕ್ಕವನ್ನೂ ನೋಡಬೇಕು.

ಒಂದು ಟ್ರೈನಿನಲ್ಲಿ 8 ಸಾಲು, ಸಾಲಿಗೆ 4 ಸೀಟು, ಒಟ್ಟು 32. ತೊಂಬತ್ತು ಸೆಕೆಂಡಿಗೊಂದು ಟ್ರೈನು ಹೊರಟರೆ ಗಂಟೆಗೆ 40 ಟ್ರೈನು, 1280 ಜನ. ಈಗ ಜನರನ್ನು ಅವರ ಪಾಡಿಗೆ ಬಿಡಿ. ಮುಂದಿನ ಗೇಟಿಗೂ ಹಿಂದಿನ ಗೇಟಿಗೂ ನೂಕುನುಗ್ಗಲು. ನಡುವೆ ಮೂವರ ಗುಂಪೊಂದು ನಾಲ್ಕು ಸೀಟಿನ ಸಾಲು ಹಿಡಿಯುತ್ತದೆ. ಪಕ್ಕದ ಸಾಲಿನಲ್ಲಿ ಇಬ್ಬರೇ ಕೂತಿದ್ದಾರೆ, ಗುರುತಿಲ್ಲದವರ ಜೊತೆ ಕೂರಲು ಎಲ್ಲರಿಗೂ ಸಂಕೋಚ. ಟ್ರೈನಿಗೆ ಮೂರು ಸೀಟು ಖಾಲಿ ಹೋದರೂ ಗಂಟೆಗೆ 120 ಜನ ಕ್ಯೂನಲ್ಲೇ ಉಳಿಯುತ್ತಾರೆ. ಸೀಟು ಹಂಚುವ ಹುಡುಗ ಉಳಿಸುವುದು ಈ 120 ಜನರನ್ನು. ಮೂವರ ಪಕ್ಕಕ್ಕೆ ಒಬ್ಬರನ್ನು, ಇಬ್ಬರ ಪಕ್ಕಕ್ಕೆ ಇಬ್ಬರನ್ನು ಜೋಡಿಸುತ್ತಾ ಹೋಗುತ್ತಾನೆ. ಡಿಸ್ನಿ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಸಾಲು ಹೇಳಿ ಕಳಿಸುವುದು ಇದಕ್ಕೇ.

ಆರಿಸಲು ಬಿಟ್ಟರೆ ತಡವಾಗುತ್ತದೆ ಅನ್ನುವ ಇನ್ನೊಂದು ವಾದ ಇದೆ. ತಡ ಅನ್ನುವುದು ನಿಜಕ್ಕೂ ದೊಡ್ಡ ಖಾಯಿಲೆ. ಪ್ರತಿ ಟ್ರೈನೂ 20 ಸೆಕೆಂಡು ತಡವಾದರೆ ಗಂಟೆಗೆ 40ರ ಬದಲು 33 ಟ್ರೈನು ಕೂಡ ಕಷ್ಟ. ಇನ್ನೂರಕ್ಕೂ ಹೆಚ್ಚು ಜನ ಕಡಿಮೆ, ಅಂದರೆ ಖಾಲಿ ಸೀಟಿಗಿಂತ ದೊಡ್ಡ ನಷ್ಟ. ಒಂದು ಟ್ರೈನು ಪ್ಲಾಟ್‌ಫಾರ್ಮ್ ಬಿಡದಿದ್ದರೆ ಹಿಂದಿನದು ಬ್ರೇಕಿನ ಮೇಲೆ ನಿಂತು ಕಾಯಬೇಕು. ಆದರೆ ಈ ತಡಕ್ಕೆ ಆರಿಸುವವರನ್ನು ಬೈಯುವುದು ಸರಿಯಲ್ಲ. ಗೇಟು ಇದ್ದರೆ ಜನ ಸಾಲು ಆರಿಸುವುದು ಹಿಂದಿನ ಟ್ರೈನು ಓಡುತ್ತಿರುವಾಗ. ತಡ ಆಗುವುದು ಬ್ಯಾಗು ಇಡುವಾಗ, ಬೆಲ್ಟು ಸಿಕ್ಕಿಹಾಕಿಕೊಂಡಾಗ, ಮೊಬೈಲು ಎಲ್ಲಿಡಲಿ ಅಂತ ತಡಕಾಡುವಾಗ.

ಆರಿಸಲು ಬಿಟ್ಟಾಗ ಇನ್ನೊಂದು ಚಂದದ ಸಂಗತಿ ನಡೆಯುತ್ತದೆ. ಮೊದಲ ಗೇಟಿನಲ್ಲಿ 40 ಜನ ನಿಂತಿದ್ದಾರೆ ಅನ್ನಿ. ಟ್ರೈನಿಗೆ ನಾಲ್ವರಂತೆ ಹತ್ತು ಟ್ರೈನು, ಹದಿನೈದು ನಿಮಿಷ. ನಡುವಿನ ಗೇಟಿನಲ್ಲಿ 8 ಜನ ಇದ್ದರೆ ಮೂರೇ ನಿಮಿಷ. ಮುಂದಿನ ಸೀಟಿನ ಬೆಲೆ ಹನ್ನೆರಡು ನಿಮಿಷ ಅಂತ ಯಾರೂ ಬೋರ್ಡು ಹಾಕಿಲ್ಲ, ಕ್ಯೂ ತಾನೇ ಹೇಳಿತು. ಬೇಕಾದವನು ಕೊಡುತ್ತಾನೆ, ಬೇಡದವನು ಹೊರಡುತ್ತಾನೆ. ಹಂಚುವ ಪದ್ಧತಿಯಲ್ಲಿ ಏನಾಗುತ್ತದೆ ನೋಡಿ. ಕಣ್ಣು ಬಿಡಲೂ ಹೆದರುವವನಿಗೆ ಮೊದಲ ಸಾಲು, ಅದಕ್ಕಾಗಿಯೇ ದೂರದಿಂದ ಬಂದವಳಿಗೆ ನಾಲ್ಕನೆಯದು. ಇಬ್ಬರಿಗೂ ಖುಷಿಯಿಲ್ಲ.

ಹಂಚಲೇಬೇಕಾದ ಸಂದರ್ಭಗಳೂ ಇವೆ. ಇದರ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡ ಮೈಯವರಿಗೆ ಸರಿಹೋಗುವ ಸೀಟು ಕೆಲವು ಕೋಸ್ಟರ್‌ಗಳಲ್ಲಿ ಒಂದೆರಡು ಸಾಲಿನಲ್ಲಿ ಮಾತ್ರ ಇರುತ್ತದೆ. ತಿರುಗುವ ಬೋಗಿಗಳಲ್ಲಿ ಭಾರ ಒಂದೇ ಪಕ್ಕ ಬಿದ್ದರೆ ಗಿರಗಿಟ್ಟಲೆ ಜೋರಾಗುತ್ತದೆ, ಹಾಗಾಗಿ ಯಾರು ಎಲ್ಲಿ ಅಂತ ಆಪರೇಟರ್ ಹೇಳಬಹುದು. ಅಲ್ಲಿ ವಾದ ಮಾಡಬೇಡಿ. ಕತ್ತಲೆಯಲ್ಲಿ ಓಡುವ ಕೋಸ್ಟರ್‌ಗಳಲ್ಲೂ ಹಂಚಿದರೆ ನಷ್ಟ ಕಡಿಮೆ. 1975ರಲ್ಲಿ ಫ್ಲಾರಿಡಾದಲ್ಲಿ ಶುರುವಾದ ಸ್ಪೇಸ್ ಮೌಂಟನ್ ಹಾಗೆ ಕತ್ತಲೆಯಲ್ಲೇ ಓಡುತ್ತದೆ. ಏನೂ ಕಾಣದ ಮೇಲೆ ಮುಂದಿನ ಸೀಟಿಗೆ ಯಾಕೆ ಹೊಡೆದಾಟ!

ಹಾಗಾದರೆ ನನ್ನ ಮತ ಯಾವುದಕ್ಕೆ? ಬಯಲಿನಲ್ಲಿ ಓಡುವ, ಎತ್ತರದಿಂದ ಬೀಳುವ ಕೋಸ್ಟರ್ ಆದರೆ ಆರಿಸಲು ಬಿಡಬೇಕು. ಖಾಲಿ ಸೀಟಿನ ತೊಂದರೆಗೆ ಬೇರೆ ಔಷಧಿ ಇದೆ, ಸಿಂಗಲ್ ರೈಡರ್ ಕ್ಯೂ. ಒಬ್ಬೊಬ್ಬರೇ ಬಂದವರು ಪಕ್ಕದಲ್ಲಿ ನಿಂತಿರುತ್ತಾರೆ, ಎಲ್ಲಿ ಸೀಟು ಉಳಿಯಿತೋ ಅಲ್ಲಿ ಹೋಗಿ ಕೂರುತ್ತಾರೆ. ಬೇಗ ಹತ್ತುವ ಆಸೆಗೆ ಆಯ್ಕೆ ಬಿಟ್ಟುಕೊಟ್ಟವರು ಅವರು, ತಾವಾಗಿಯೇ. ಜಾಗ ಸಾಲದೆ ಎಂಟು ಗೇಟಿನ ಮುಂದೆ ಎಂಟು ಕ್ಯೂ ಮಾಡಲು ಆಗದಿದ್ದರೆ, ಮೊದಲ ಸಾಲಿಗೊಂದು, ಕೊನೆಯ ಸಾಲಿಗೊಂದು ಪ್ರತ್ಯೇಕ ಕ್ಯೂ ಇಟ್ಟರೂ ಸಾಕು. ಉಳಿದ ಆರು ಸಾಲನ್ನು ಹುಡುಗ ಬೇಕಾದ ಹಾಗೆ ತುಂಬಲಿ. ಆ ನಡುವಿನ ಸಾಲುಗಳಿಗಾಗಿ ಜಗಳ ಆಡುವವರನ್ನು ನಾನಂತೂ ಕಂಡಿಲ್ಲ.

ಇದ್ಯಾವುದೂ ಇಲ್ಲದ ಕಡೆ ಏನು ಮಾಡುವುದು? ಕೇಳಿ ನೋಡಿ. ಖಾಲಿ ಮೊದಲ ಸಾಲಿನ ಹಿಂದೆ ಕೂತು ಬಂದೆ ಅಂದೆನಲ್ಲ, ಅವತ್ತೇ ಸಂಜೆ ಮತ್ತೆ ಅದೇ ಕ್ಯೂಗೆ ಹೋದೆ. ಬೇರೆ ಹುಡುಗಿ ಇದ್ದಳು. "ಎಷ್ಟು ಜನ?" ಅಂದಳು. "ಒಬ್ಬನೇ. ಕೊನೆಯ ಸಾಲು ಸಿಗುವವರೆಗೂ ಪಕ್ಕಕ್ಕೆ ನಿಂತಿರಲಾ?" ಅಂದೆ. ಅವಳು ನನ್ನ ಬಿಳಿ ಕೂದಲು ಒಮ್ಮೆ ನೋಡಿದಳು. "ಕೊನೆಯದು ಜೋರಾಗಿ ಎಳೆಯುತ್ತೆ ಸಾರ್" ಅಂದಳು. ಗೊತ್ತಮ್ಮಾ, ಅದಕ್ಕೇ ಕೇಳಿದ್ದು ಅಂದೆ. ಎರಡು ಟ್ರೈನು ಹೋಯಿತು. ಮೂರನೆಯದರಲ್ಲಿ ಮೂವರ ಗುಂಪೊಂದರ ಪಕ್ಕ ಒಂದು ಸೀಟು ಉಳಿಯಿತು. ಅವಳೇ ಕೈ ಮಾಡಿ ಕರೆದಳು.